ನಾವು ಒತ್ತದ ಹೆಬ್ಬೆಟ್ಟು

ನಾವು ನಾಲ್ವರು ಒಡಹುಟ್ಟಿದವರ ಹೆಬ್ಬೆಟ್ಟುಗಳು ಒಂದೇ ಪತ್ರದಲ್ಲಿವೆ. ಅಪ್ಪ ತೀರಿಕೊಂಡ ಮೇಲೆ ಶಿಗ್ಗಾವಿ ತಾಲೂಕಿನ ತವರಿನ ಹೊಲವನ್ನು ತಮ್ಮನ ಹೆಸರಿಗೆ ಮಾಡಿಕೊಡಲು ಅಕ್ಕತಂಗಿಯರು ಮೂವರೂ ಹಕ್ಕು ಬಿಟ್ಟುಕೊಟ್ಟ ಪತ್ರ ಅದು. ಅಕ್ಕ ಹಿರೇಕೆರೂರಿನಿಂದ ಬಂದಿದ್ದಳು, ತಂಗಿ ಸವಣೂರಿನಿಂದ, ನಾನು ಹಾನಗಲ್ಲಿನಿಂದ. ಉಪನೋಂದಣಿ ಕಚೇರಿಯಲ್ಲಿ ಒಬ್ಬೊಬ್ಬರನ್ನೇ ಕ್ಯಾಮೆರಾದ ಮುಂದೆ ಕೂರಿಸಿ ಫೋಟೊ ತೆಗೆದರು, ಸಣ್ಣ ಯಂತ್ರದ ಗಾಜಿನ ಮೇಲೆ ಹೆಬ್ಬೆಟ್ಟು ಇಡಿಸಿದರು. ಪತ್ರ ಕೈಗೆ ಬಂದಾಗ ಪ್ರತಿಯೊಬ್ಬರ ಮುಖ, ಅದರ ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು, ಗೆರೆ ಗೆರೆ ಎಣಿಸುವಷ್ಟು ಸ್ಪಷ್ಟವಾಗಿ ಅಚ್ಚಾಗಿತ್ತು. ಜೊತೆಗೆ ಹನ್ನೆರಡೂ ಅಂಕಿ ಕಾಣುವ ಆಧಾರ್ ಝೆರಾಕ್ಸು. ಹೊಲ ತಮ್ಮನಿಗೆ ಹೋಯಿತು, ನಮಗೆ ಸೀರೆ ಕೊಟ್ಟು ಉಡಿ ತುಂಬಿ ಕಳಿಸಿದ. ಎಲ್ಲರೂ ಸಂತೋಷದಿಂದಲೇ ಊರಿಗೆ ಮರಳಿದೆವು.

2023 ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ. ಗೋವಿನಜೋಳ ತೆನೆ ಕಟ್ಟದೆ ಒಣಗುತ್ತಿತ್ತು. ಅದೇ ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಯೋಜನೆ ಶುರುವಾಗಿ, ಎರಡು ಸಾವಿರ ಬಂತೇ ಇಲ್ಲವೇ ಎಂದು ನೋಡಲು ಹೆಣ್ಣುಮಕ್ಕಳು ಬ್ಯಾಂಕಿನ ಮುಂದೆ ಪಾಳಿ ಹಚ್ಚುತ್ತಿದ್ದರು. ತಂಗಿಯೂ ಅದಕ್ಕೇ ಸವಣೂರಿನ ತನ್ನ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದಳು. ಅಲ್ಲಿಂದಲೇ ಫೋನ್ ಹಚ್ಚಿದಳು.

"ಯಕ್ಕಾ, ಎರಡ ಸಾವಿರ ಬಂದೈತೇನಂತ ನೋಡಾಕ ಬಂದ್ರ, ಹತ್ತ ಸಾವಿರ ಹೋಗೇತಿ. ನಾ ತಗದಿಲ್ಲ, ನಮ್ಮ ಮನಿಯವರೂ ತಗದಿಲ್ಲ."

ಎಲೆ ತೋಟದಿಂದ ಬಂದ ಹಣದಲ್ಲಿ ಅಷ್ಟಿಷ್ಟು ಎತ್ತಿಟ್ಟು ಮಗಳ ಕಾಲೇಜಿಗೆಂದು ಕೂಡಿಟ್ಟಿದ್ದು ಅದು. ಎಲೆ ಕೊಯ್ದು, ಪೆಂಡಿ ಕಟ್ಟಿ ದುಡಿದವರಿಗೆ ಹತ್ತು ಸಾವಿರ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಯಾವುದೋ ಲೆಕ್ಕದ ತಪ್ಪಿರಬೇಕು, ಸರಿಯಾಗುತ್ತದೆ ಎಂದು ಸಮಾಧಾನ ಹೇಳಿದೆ. ಮರುದಿನ ಹಾನಗಲ್ಲಿನಲ್ಲಿ ನನ್ನ ಪಿಂಚಣಿ ಖಾತೆಯ ಪಾಸ್‌ಬುಕ್ ತೆಗೆದುಕೊಂಡು ಹೋದೆ. ಒಂದರ ಹಿಂದೆ ಒಂದು ದಿನ, ಹತ್ತು ಹತ್ತು ಸಾವಿರದ ಎರಡು ಸಾಲು. ಪಕ್ಕದಲ್ಲಿ 'ಎಇಪಿಎಸ್' ಎಂಬ ನಾಲ್ಕು ಅಕ್ಷರ. ಮೊಬೈಲಿಗೆ ಒಂದು ಮೆಸೇಜೂ ಬಂದಿರಲಿಲ್ಲ. ಯಾರೂ ಫೋನ್ ಮಾಡಿ ಒಟಿಪಿ ಕೇಳಿರಲಿಲ್ಲ. ಯಾವ ಲಿಂಕನ್ನೂ ನಾನು ಒತ್ತಿರಲಿಲ್ಲ, ಯಾವ ಆ್ಯಪನ್ನೂ ಹಾಕಿಕೊಂಡಿರಲಿಲ್ಲ.

ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ ಹೇಳಿದ್ದು ಇಷ್ಟು: "ಇದು ಆಧಾರ್ ಮ್ಯಾಲೆ ತಗದದ್ದರೀ ಮೇಡಂ. ನೀವಾ ಎಲ್ಯರ ಹೆಬ್ಬಟ್ಟ ಒತ್ತೀರಿ, ನೆನಪ ಮಾಡ್ಕೋರಿ."

"ನಾನು ಎಲ್ಲೂ ಒತ್ತಿಲ್ಲರೀ."

"ಹೆಬ್ಬಟ್ಟ ಮ್ಯಾಚ್ ಆಗದ ರೊಕ್ಕ ಬರೂದಿಲ್ಲರೀ. ಮನ್ಯಾಗ ಯಾರನ್ನರ ಕೇಳ್ರಿ."

ಮನೆಯಲ್ಲಿ ಯಾರನ್ನಾದರೂ ಕೇಳಿ ಎಂಬ ಆ ಮಾತು ನಮ್ಮ ಕುಟುಂಬದೊಳಗೆ ಮಾಡಿದ ಹಾನಿ ಹಣ ಹೋದದ್ದಕ್ಕಿಂತ ದೊಡ್ಡದು.

ಆಧಾರ್ ಮೇಲೆ ಹಣ ತೆಗೆಯುವ ಈ ವ್ಯವಸ್ಥೆಯನ್ನು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರ ಸಣ್ಣ ಯಂತ್ರ ಹಿಡಿದು ಕಟ್ಟೆಯ ಮೇಲೆ ಕೂತರೆ, ಬಸ್ಸು ಹತ್ತಲಾರದ ಅಜ್ಜಿಗೆ ಪಿಂಚಣಿ ಅಲ್ಲೇ ಸಿಗುತ್ತದೆ. ಕಾರ್ಡು ಬೇಡ, ಪಿನ್ ಬೇಡ, ಸಹಿ ಬೇಡ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು, ಮೂರೇ ಸಾಕು. ಒಂದು ಸಲಕ್ಕೆ ಹತ್ತು ಸಾವಿರದವರೆಗೆ ತೆಗೆಯಬಹುದು. ಅದಕ್ಕೇ ಕಳ್ಳರ ಲೆಕ್ಕವೂ ಹತ್ತು ಹತ್ತು ಸಾವಿರದಲ್ಲಿ ನಡೆಯುತ್ತದೆ. ಆಧಾರ್ ಸಂಖ್ಯೆ ನಾವು ಕೊಟ್ಟ ಎಷ್ಟೋ ಝೆರಾಕ್ಸುಗಳಲ್ಲಿದೆ. ಉಳಿದದ್ದು ಬೆರಳು. ಬೆರಳು ನಮ್ಮ ಕೈಯಲ್ಲೇ ಇದೆ ಎಂದು ನಾವೆಲ್ಲ ನಂಬಿದ್ದೆವು.

ಅಕ್ಕನಿಗೆ ಫೋನ್ ಮಾಡಿ, ನಿನ್ನ ಖಾತೆಯನ್ನೂ ಒಮ್ಮೆ ನೋಡಿಸು ಎಂದೆ. ಆಕೆ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ನನ್ನವೂ ಹೋಗ್ಯಾವ, ಯಾರ ಮುಂದೂ ಹೇಳಬ್ಯಾಡ" ಎಂದಳು.

ಹಿರೇಕೆರೂರು, ರಾಣೇಬೆನ್ನೂರು ಕಡೆ ಬೀಜೋತ್ಪಾದನೆ ದೊಡ್ಡ ಕಸುಬು. ಅಕ್ಕ ಟೊಮೆಟೊ ಕ್ರಾಸಿಂಗ್ ಮಾಡುತ್ತಾಳೆ. ಸಂಜೆ ಹೊತ್ತು ಮೊಗ್ಗು ಬಿಡಿಸಿ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಆ ಹೂವಿಗೆ ಬೇರೆ ತಳಿಯ ಪರಾಗ ಮುಟ್ಟಿಸುವ ಕೆಲಸ. ಒಂದೊಂದೇ ಹೂವು, ಬೆರಳ ತುದಿಯಲ್ಲೇ ಎಲ್ಲ. ಹಂಗಾಮು ಮುಗಿದು, ಬೀಜ ಪಾಸಾದ ಮೇಲೆ ಕಂಪನಿಯ ಹಣ ಖಾತೆಗೆ ಬರುತ್ತದೆ. ಆ ಹಣದಲ್ಲಿ ಮೂವತ್ತು ಸಾವಿರ ಹೋಗಿ ವಾರಗಳೇ ಆಗಿದ್ದವು. ಖಾತೆಗೆ ಜೋಡಿಸಿದ್ದು ಬೆಂಗಳೂರಿನಲ್ಲಿರುವ ಮಗನ ಹಳೆಯ ನಂಬರು, ಅದು ಬಂದ್ ಆಗಿತ್ತು. ಹೀಗಾಗಿ ಮೆಸೇಜು ಕಳಿಸಿದ್ದರೂ ಅವಳಿಗೆ ತಲುಪುತ್ತಿರಲಿಲ್ಲ. ಬ್ಯಾಂಕಿನಲ್ಲಿ ಅವಳಿಗೂ ಅದೇ ಮಾತು ಹೇಳಿದ್ದರು, ಮನೆಯಲ್ಲಿ ಕೇಳಿ ಎಂದು.

ಮನೆಯಲ್ಲಿ ಕೇಳಿದರು. ಅಕ್ಕನನ್ನು ರೇಷನ್ ಅಂಗಡಿಗೆ ಕರೆದೊಯ್ಯುತ್ತಿದ್ದವಳು ಸೊಸೆ. ಆಧಾರ್ ಕಾರ್ಡು ಇರುತ್ತಿದ್ದುದು ಸೊಸೆಯ ಪೆಟ್ಟಿಗೆಯಲ್ಲಿ. ಮಲಗಿದ್ದಾಗ ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾಳೆ ಎಂದು ಯಾರೋ ಒಬ್ಬರು ಆಡಿದ ಮಾತು ಮೂರು ದಿನದಲ್ಲಿ ಓಣಿಯ ತುಂಬ ಹಬ್ಬಿತು. ಮಗ ಬೆಂಗಳೂರಿನಿಂದ ಫೋನಿನಲ್ಲೇ ಬೈದ. ಆ ಹುಡುಗಿ ಕೂಸನ್ನು ಎತ್ತಿಕೊಂಡು ತವರಿಗೆ ಹೋದಳು. ಅಕ್ಕ ಅವಳ ಮೇಲೆ ಸಂಶಯಪಟ್ಟವಳಲ್ಲ. ಆದರೆ ಅಲ್ಲ ಎಂದು ಹೇಳಲು ಅವಳ ಹತ್ತಿರ ಆಧಾರವೂ ಇರಲಿಲ್ಲ. ಅದೇ ಅವಳ ಬಾಯಿ ಕಟ್ಟಿಹಾಕಿತ್ತು. ಶಿಗ್ಗಾವಿಯಲ್ಲಿ ತಮ್ಮನೂ ಊರಿನ ಆನ್‌ಲೈನ್ ಅಂಗಡಿಯ ಹುಡುಗನ ಜೊತೆ ಜಗಳಕ್ಕೆ ಹೋಗಿದ್ದ. ಅವನ ಖಾತೆಯಿಂದಲೂ ಬೆಳೆ ವಿಮೆಯ ಹಣದಲ್ಲಿ ಹತ್ತು ಸಾವಿರ ಹೋಗಿತ್ತು.

ನಾನು ಹಿರೇಕೆರೂರಿಗೆ ಹೋದೆ. ಅಂದು ರೇಷನ್ ಕೊಡುವ ದಿನ. ಸೊಸೆ ಇಲ್ಲದ್ದರಿಂದ ಅಕ್ಕನ ಜೊತೆ ನ್ಯಾಯಬೆಲೆ ಅಂಗಡಿಗೆ ನಾನೇ ನಡೆದೆ. ಅಲ್ಲಿ ಕಂಡದ್ದನ್ನು ಹೇಳಲೇಬೇಕು. ಅಕ್ಕ ಬಲಗೈ ಹೆಬ್ಬೆಟ್ಟು ಇಟ್ಟಳು, ಯಂತ್ರ ಒಪ್ಪಲಿಲ್ಲ. ಎಡಗೈ ಇಟ್ಟಳು, ಒಪ್ಪಲಿಲ್ಲ. ಅಂಗಡಿಯವರು ಹಸಿ ಬಟ್ಟೆ ಕೊಟ್ಟು ಒರೆಸಿಕೊಳ್ಳಿ ಎಂದರು. ಅವಳು ಸೆರಗಿನಿಂದ ಒರೆಸಿ, ಬಾಯಿಯಿಂದ ಊದಿ, ಒಂದೊಂದೇ ಬೆರಳು ಇಟ್ಟು ಇಟ್ಟು ತೆಗೆದಳು. ಟೊಮೆಟೊ ಗಿಡದ ಹಸಿರು ಕಪ್ಪಾಗಿ ಬೆರಳ ಸಂದಿಯಲ್ಲಿ ಕೂತಿತ್ತು. ತುದಿಯಲ್ಲಿ ಗೆರೆಗಳೇ ಸವೆದುಹೋಗಿದ್ದವು. ಹಿಂದಿನವರು ಗೊಣಗತೊಡಗಿದರು. ಕೊನೆಗೆ ನಡುಬೆರಳು ತಾಕಿತು, ಅಕ್ಕಿ ಸಿಕ್ಕಿತು. ಅವಳದೇ ಬೆರಳು ಅವಳದೆಂದು ಯಂತ್ರ ಒಪ್ಪಲು ಇಷ್ಟು ಕಷ್ಟ. ಕಾಣದ ಊರಿನಲ್ಲಿ ಕೂತ ಯಾವನೋ ಒಬ್ಬ ನಕಲಿ ಬೆರಳು ಇಟ್ಟರೆ ಮೂರು ಸಲವೂ ಒಪ್ಪಿತ್ತು. ಅಲ್ಲಿ ನಿಂತೇ ನನಗೆ ಸಿಟ್ಟು ಬಂತು. ಹಾವೇರಿಗೆ ಹೋಗಿ ದೂರು ಕೊಡಲೇಬೇಕು ಎಂದು ನಿರ್ಧರಿಸಿದ್ದು ಆಗಲೇ.

ನನ್ನ ಹಣದ ಬಗ್ಗೆ 1930ಕ್ಕೆ ಅದಾಗಲೇ ಫೋನ್ ಮಾಡಿದ್ದೆ. ಇದು ಇಡೀ ದೇಶಕ್ಕೆ ಒಂದೇ ಸಹಾಯವಾಣಿ. ದೂರು ಬಂದ ಕೂಡಲೇ ಹಣ ಹೋಗಿ ಬಿದ್ದ ಖಾತೆಯ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಹಣ ಇನ್ನೂ ಅಲ್ಲಿದ್ದರೆ ತಡೆಹಿಡಿಯುತ್ತಾರೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲಿನಲ್ಲೂ ಅದೇ ದೂರು ಬರೆಯಬಹುದು. ನನಗೆ ಒಂದು ಸ್ವೀಕೃತಿ ಸಂಖ್ಯೆ ಬಂತು. ಮುಂದೆ ಬ್ಯಾಂಕಿನಲ್ಲಿ, ಠಾಣೆಯಲ್ಲಿ, ಎಲ್ಲಿ ಹೋದರೂ ಮೊದಲು ಕೇಳಿದ್ದು ಅದನ್ನೇ. ಪಾಸ್‌ಬುಕ್ಕಿನ ಝೆರಾಕ್ಸು ತೆಗೆದು, ಆ ಸಾಲುಗಳಿಗೆ ಗೆರೆ ಎಳೆದು, ನಾಲ್ವರ ಹೆಸರಿನಲ್ಲೂ ಬೇರೆ ಬೇರೆ ಅರ್ಜಿ ಬರೆದು ಹಾವೇರಿಯ ಜಿಲ್ಲಾ ಸಿಇಎನ್ ಠಾಣೆಗೆ ಹೋದೆವು. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದು ಆಗ ಪ್ರತಿ ಜಿಲ್ಲೆಯಲ್ಲೂ ಇದ್ದ ಠಾಣೆ ಅದು. ನಾಲ್ಕು ತಾಲೂಕಿನ ನಾಲ್ವರು ಒಂದೇ ತಾಯಿಯ ಮಕ್ಕಳು ಒಂದೇ ರೀತಿ ಹಣ ಕಳೆದುಕೊಂಡು ಬಂದದ್ದನ್ನು ಕಂಡು ಅಲ್ಲಿಯವರೇ ಕೇಳಿದರು: "ನೀವೆಲ್ಲಾರೂ ಕೂಡಿ ಎಲ್ಲೆರ ಹೆಬ್ಬಟ್ಟ ಕೊಟ್ಟೀರೇನ್ರಿ?"

ಆಗ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಾಲ್ವರೂ ಕೂಡಿ ಕೊಟ್ಟದ್ದು ಒಂದೇ ಕಡೆ.

ನಮ್ಮ ಪತ್ರದಿಂದಲೇ ಬೆರಳಚ್ಚು ಹೋಯಿತೆಂದು ಯಾವ ತನಿಖೆಯೂ ನಮಗೆ ಬರೆದುಕೊಟ್ಟಿಲ್ಲ. ಆದ್ದರಿಂದ ಯಾರ ಮೇಲೂ ನಾನು ಆರೋಪ ಹೊರಿಸುವುದಿಲ್ಲ. ಆದರೆ ಅದೇ ತಿಂಗಳುಗಳಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ ಎಷ್ಟೋ ಜನರ ಖಾತೆಯಿಂದ ಹೀಗೇ ಹಣ ಹೋಗಿತ್ತು. ಮಂಗಳೂರು ಪೊಲೀಸರು ಬಿಹಾರದ ಕೆಲವರನ್ನು ಹಿಡಿದು ತಂದರು. ನೋಂದಾಯಿತ ಪತ್ರಗಳ ನಕಲು ಇಳಿಸಿಕೊಂಡು, ಅದರಲ್ಲಿನ ಗುರುತಿನಿಂದ ರಬ್ಬರ್ ಸ್ಟ್ಯಾಂಪ್ ಮಾಡುವಂತೆ ಬೆರಳಿನ ಅಚ್ಚು ತೆಗೆಯುತ್ತಿದ್ದರು ಎಂಬುದು ಹೊರಬಂತು. ಪತ್ರದ ನಕಲಿನಲ್ಲಿ ಹೆಬ್ಬೆಟ್ಟು ಕಾಣದಂತೆ ಮರೆಮಾಡುವ ಕ್ರಮಕ್ಕೆ ಸರ್ಕಾರ ಮುಂದಾದದ್ದು ಇದಾದ ಮೇಲೆ. ಮನೆಯ ಕೀಲಿ ಕಳೆದರೆ ಬೀಗ ಬದಲಿಸಬಹುದು, ಹೆಬ್ಬೆಟ್ಟು ಬದಲಿಸಲು ಬರುವುದಿಲ್ಲ. ಇಂಥ ಗುರುತನ್ನು ಜನರಿಂದ ಪಡೆಯುವವರು ಯಾರೇ ಇರಲಿ, ಅದನ್ನು ಕಾಯುವ ಹೊಣೆ ಮೊದಲು ಅವರದು, ಆಮೇಲೆ ನಮ್ಮದು. ಇದನ್ನು ನಾನು ಸ್ತ್ರೀಶಕ್ತಿ ಸಂಘದ ಎಲ್ಲ ಸಭೆಗಳಲ್ಲೂ ಹೇಳುತ್ತೇನೆ.

ಸೊಸೆಯನ್ನು ಆರೋಪದಿಂದ ಬಿಡಿಸಿದ್ದು ಒಂದು ಹಾಳೆ. ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನಮ್ಮ ಆಧಾರ್ ಕಳೆದ ಆರು ತಿಂಗಳಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಬೆರಳಿನಿಂದಲೋ ಒಟಿಪಿಯಿಂದಲೋ ಬಳಕೆಯಾಗಿದೆ ಎಂಬ ಪಟ್ಟಿ ಸಿಗುತ್ತದೆ. ಠಾಣೆಯಲ್ಲಿದ್ದ ಹುಡುಗಿಯೊಬ್ಬಳು ಇದನ್ನು ತಿಳಿಸಿದಳು. ಅಕ್ಕನ ಆಧಾರಿಗೆ ಹೊಸ ಮೊಬೈಲ್ ನಂಬರು ಜೋಡಿಸಿ, ಆ ಪಟ್ಟಿ ತೆಗೆಸಿದೆವು. ಹಣ ಹೋದ ಮೂರೂ ಸಲ ಬೆಳಗಿನ ಹೊತ್ತು. ಪರಾಗ ಮುಟ್ಟಿಸುವ ಹೊತ್ತು ಅದು. ಅಕ್ಕ ಆಗ ನೆಟ್ ಹೌಸಿನಲ್ಲಿ ಹತ್ತಾರು ಹೆಣ್ಣಾಳುಗಳ ನಡುವೆ ನಿಂತು ಕ್ರಾಸಿಂಗ್ ಮಾಡುತ್ತಿದ್ದಳು. ಆಕೆಯ ಬೆರಳು ಆಕೆಯ ಕೈಯಲ್ಲೇ, ಹೂವಿನ ಮೇಲೆಯೇ ಇತ್ತು ಎಂದು ಹೇಳಲು ಅಷ್ಟು ಜನ ಸಾಕ್ಷಿ. ಆ ಹಾಳೆ ಹಿಡಿದುಕೊಂಡು ಅಕ್ಕ ತಾನೇ ಸೊಸೆಯ ತವರಿಗೆ ಹೋಗಿ, ಬೀಗರ ಎದುರು ಕೈಮುಗಿದು ಕರೆತಂದಳು. ಸೊಸೆ ಬಂದಳು. ಆದರೆ ಅತ್ತೆಯ ಆಧಾರ್ ಕಾರ್ಡನ್ನು ಅವಳು ಇಂದಿಗೂ ಕೈಯಲ್ಲಿ ಮುಟ್ಟುವುದಿಲ್ಲ.

ಬ್ಯಾಂಕಿನವರ ಜೊತೆ ಗುದ್ದಾಡಿದ್ದು ಬೇರೆಯೇ ಕಥೆ. ಅದನ್ನು ಚಿಕ್ಕದಾಗಿ ಹೇಳಿದರೂ ಒಂದು ನಿಯಮವನ್ನು ಪೂರ್ತಿ ಹೇಳಬೇಕು, ಏಕೆಂದರೆ ನಮ್ಮ ನಾಲ್ಕೂ ಊರಿನಲ್ಲಿ ಯಾರೂ ಅದನ್ನು ನಮಗೆ ತಾವಾಗಿ ಹೇಳಲಿಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತ್ತು. ನಮ್ಮ ಹಣ ಹೋದಾಗ ಜಾರಿಯಲ್ಲಿದ್ದ ಆ ಸುತ್ತೋಲೆ ಹೇಳಿದ್ದು ಇಷ್ಟು: ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರು ಹಣ ಲಪಟಾಯಿಸಿದ್ದಾರೆ ಎಂದಾದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಮೇಲೆ ಒಂದು ರೂಪಾಯಿಯ ಹೊರೆಯೂ ಇಲ್ಲ. ಏಳು ಕೆಲಸದ ದಿನಗಳೊಳಗಾದರೆ ಹೊರೆಗೆ ಒಂದು ಮಿತಿ ಇದೆ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ತೊಂಬತ್ತು ದಿನದೊಳಗೆ ತೀರ್ಮಾನ ಆಗಬೇಕು. ಗ್ರಾಹಕನದೇ ತಪ್ಪು ಎನ್ನುವುದಾದರೆ ಅದನ್ನು ರುಜುವಾತು ಮಾಡಬೇಕಾದವರು ಬ್ಯಾಂಕಿನವರೇ. ಗ್ರಾಮೀಣ ಬ್ಯಾಂಕುಗಳಿಗೂ ಇದು ಅನ್ವಯವಾಗುತ್ತಿತ್ತು. ಸಹಕಾರಿ ಬ್ಯಾಂಕುಗಳಿಗೆ ಅದೇ ಡಿಸೆಂಬರಿನಲ್ಲಿ ಬೇರೆ ಸುತ್ತೋಲೆ ಬಂತು.

ನಾನು ನಿವೃತ್ತ ಶಿಕ್ಷಕಿ, ಅರ್ಜಿ ಬರೆಯುವುದು ಗೊತ್ತು. ಈ ಸುತ್ತೋಲೆಯ ದಿನಾಂಕ ಹಾಕಿ, ನನಗೆ ಮೆಸೇಜೇ ಬಂದಿಲ್ಲವಾದ್ದರಿಂದ ಪಾಸ್‌ಬುಕ್ ಎಂಟ್ರಿಯಾದ ದಿನದಿಂದಲೇ ಮೂರು ದಿನ ಎಣಿಸಬೇಕು ಎಂದು ಬರೆದೆ. ಕೈಗೆ ಸ್ವೀಕೃತಿ ಹಾಕಿಸಿಕೊಳ್ಳದೆ ಕೌಂಟರ್ ಬಿಡಲಿಲ್ಲ. ಮೂವತ್ತು ದಿನ ಕಾದು, ಸಮಾಧಾನದ ಉತ್ತರ ಬಾರದಿದ್ದಾಗ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟೆ. 2021ರ ನವೆಂಬರಿನಿಂದ ದೇಶಕ್ಕೆಲ್ಲ ಅದು ಒಂದೇ ವ್ಯವಸ್ಥೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಆನ್‌ಲೈನ್ ಬಾರದವರು ಅಂಚೆಯಲ್ಲೂ ಕಳಿಸಬಹುದು. ನನ್ನ ಇಪ್ಪತ್ತು ಸಾವಿರ ಮರಳಿತು. ತಂಗಿಯದೂ, ತಮ್ಮನದೂ ಬಂತು.

ಹೀಗೆ ಓಡಾಡುತ್ತಿರುವಾಗಲೇ ತಂಗಿಗೆ ಇನ್ನೊಂದು ಫೋನ್ ಬಂತು. ಚೆಂದದ ಕನ್ನಡದಲ್ಲಿ ಒಬ್ಬ, ನಿಮ್ಮ ಸೈಬರ್ ದೂರು ಪಾಸಾಗಿದೆ, ಹಣ ಮರಳಿಸಲು ಸಣ್ಣ ಶುಲ್ಕ ಕಟ್ಟಿ, ನಾವು ಹೇಳುವ ಆ್ಯಪ್ ಹಾಕಿಕೊಳ್ಳಿ ಎಂದ. ಹಣ ಕಳೆದುಕೊಂಡವರು ಆಸೆಯಿಂದ ಕಾಯುತ್ತಿರುತ್ತಾರೆ ಎಂದು ಅವರಿಗೆ ಗೊತ್ತು. ತಂಗಿ ಫೋನನ್ನು ಗಂಡನ ಕೈಗೆ ಕೊಟ್ಟಳು. "ಹಾವೇರಿ ಠಾಣೆಗೆ ಬರ್ರಿ, ಅಲ್ಲೇ ಕಟ್ತೀವಿ" ಎಂದರು ಅವರು. ಆ ಕಡೆಯಿಂದ ಫೋನ್ ಕಟ್ಟಾಯಿತು. ಪೊಲೀಸರಾಗಲಿ, ಬ್ಯಾಂಕಾಗಲಿ, ಒಂಬುಡ್ಸ್‌ಮನ್ ಆಗಲಿ ಹಣ ಮರಳಿಸಲು ಹಣ ಕೇಳುವುದಿಲ್ಲ.

ಈಗ ನಮ್ಮ ನಾಲ್ವರ ಬೆರಳಿಗೂ ಬೀಗ ಇದೆ. ಆಧಾರ್ ಆ್ಯಪಿನಲ್ಲೋ ಪ್ರಾಧಿಕಾರದ ವೆಬ್‌ಸೈಟಿನಲ್ಲೋ ಬಯೋಮೆಟ್ರಿಕ್ ಲಾಕ್ ಮಾಡಬಹುದು, ಇಲ್ಲದಿದ್ದರೆ ಆಧಾರ್ ಸೇವಾ ಕೇಂದ್ರಕ್ಕೆ ಹೋಗಬಹುದು. ಖರ್ಚಿಲ್ಲ. ಲಾಕ್ ಮಾಡಿದ ಮೇಲೆ ಯಾರು ಯಾವ ಬೆರಳು ಇಟ್ಟರೂ ಹಣ ಬರುವುದಿಲ್ಲ. ಕೇಳಲು ಸುಲಭ. ಆದರೆ ಅಕ್ಕನಂಥವರಿಗೆ ತಿಂಗಳಿಗೊಮ್ಮೆ ರೇಷನ್ನಿಗೆ ಬೆರಳು ಇಡಲೇಬೇಕು, ಆಗ ಬೀಗ ತೆಗೆಯಬೇಕು. ಸ್ಮಾರ್ಟ್‌ಫೋನ್ ಇಲ್ಲದವರು, ಆಧಾರಿಗೆ ನಂಬರು ಜೋಡಿಸದವರು ಏನು ಮಾಡಬೇಕು? ಬೀಗ ಹಾಕಿ ಎಂದು ಹೇಳಿ ಕೈತೊಳೆದುಕೊಂಡರೆ ಆಗುವುದಿಲ್ಲ, ಪಕ್ಕದಲ್ಲಿ ಕೂತು ಮಾಡಿಕೊಡುವವರು ಬೇಕು. ಅಕ್ಕನಿಗೆ ಈಗ ಆ ಕೆಲಸ ಮಾಡಿಕೊಡುವುದು ಹಿರಿಯ ಮೊಮ್ಮಗಳು. ರೇಷನ್ ಅಂಗಡಿಯ ಮುಂದೆ ನಿಂತು ತೆಗೆಯುತ್ತಾಳೆ, ಸ್ವಲ್ಪ ಹೊತ್ತಿಗೆ ಅದು ತಾನಾಗಿ ಮತ್ತೆ ಬೀಳುತ್ತದೆ. ಹಾನಗಲ್ಲಿನ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿಗೆ ನಾನೇ ಕೂರಿಸಿ ಮಾಡಿಸುತ್ತೇನೆ. ಝೆರಾಕ್ಸ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಲು ಹೇಳುತ್ತೇನೆ. ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ಎನ್ನುತ್ತೇನೆ, ಮೆಸೇಜು ಬಂದೇ ಬರುತ್ತದೆ ಎಂದು ನಂಬಬೇಡಿ ಎನ್ನುತ್ತೇನೆ.

ಮೇಲಿನವರೂ ಸುಮ್ಮನೆ ಕೂತಿಲ್ಲ. ಇಟ್ಟ ಬೆರಳು ಜೀವಂತವೋ ಅಚ್ಚೋ ಎಂದು ಪರೀಕ್ಷಿಸುವ ತಂತ್ರವನ್ನು ಆಧಾರ್ ಪ್ರಾಧಿಕಾರ 2023ರ ಆರಂಭದಲ್ಲೇ ತಂದಿತ್ತು, ಆದರೂ ನಮ್ಮ ಹಣ ಹೋಯಿತು. ಹೆಬ್ಬೆಟ್ಟಿನ ಮೇಲೆ ಹಣ ಕೊಡುವ ಏಜೆಂಟರನ್ನು ಬ್ಯಾಂಕುಗಳು ಸರಿಯಾಗಿ ಪರಿಶೀಲಿಸಬೇಕು, ಅವರ ವ್ಯವಹಾರದ ಮೇಲೆ ಕಣ್ಣಿಡಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜೂನಿನಲ್ಲಿ ಆದೇಶಿಸಿತು. 2026ರ ಜನವರಿ 1ರಿಂದ ಅದು ಜಾರಿ. ಇದು ಆಗಬೇಕಾದ ಕೆಲಸ, ನಮ್ಮಂಥವರ ಪಾಲಿಗೆ ತಡವಾಗಿ ಆಯಿತು.

ಅಕ್ಕನ ಮೂವತ್ತು ಸಾವಿರ ಮಾತ್ರ ಬಂದಿಲ್ಲ. ತಡವಾಗಿ ತಿಳಿಸಿದಿರಿ ಎಂದು ಬ್ಯಾಂಕು ಬರೆದು ಕೊಟ್ಟಿದೆ. ಆಕೆ ತಡ ಮಾಡಿದ್ದು ಸೋಮಾರಿತನದಿಂದಲ್ಲ. ಸೊಸೆಯ ಹೆಸರು ಪೊಲೀಸರ ಬಾಯಿಗೆ ಬೀಳುತ್ತದೆಂದು ಹೆದರಿ, ಓಣಿಯವರು ಏನೆಂದಾರೆಂದು ನಾಚಿ, ವಾರಗಟ್ಟಲೆ ಎದೆಯೊಳಗೇ ಇಟ್ಟುಕೊಂಡಳು. ಈ ಹೆದರಿಕೆ ಹಣವನ್ನಷ್ಟೇ ಅಲ್ಲ, ಜೀವವನ್ನೂ ತೆಗೆಯುತ್ತದೆ. 2025ರ ಮಾರ್ಚಿನಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ವೃದ್ಧ ದಂಪತಿ ಡಿಜಿಟಲ್ ಅರೆಸ್ಟ್ ಎಂದು ಬೆದರಿಸಿದವರಿಗೆ ಲಕ್ಷಗಟ್ಟಲೆ ಹಣ ಕೊಟ್ಟು, ಕೊನೆಗೆ ಪ್ರಾಣವನ್ನೇ ಬಿಟ್ಟರು. ಆ ಸುದ್ದಿ ಓದಿದ ದಿನ ಅಕ್ಕನಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದೆ.

ನಿಮ್ಮ ಮನೆಯಲ್ಲಿ ಹೀಗೇನಾದರೂ ಆದರೆ, ದಯವಿಟ್ಟು ಅಂದೇ 1930ಕ್ಕೆ ಫೋನ್ ಮಾಡಿ, ಅಂದೇ ಬ್ಯಾಂಕಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮನೆಯ ಸೊಸೆಯನ್ನೋ, ಮಗನನ್ನೋ, ಓಣಿಯ ಹುಡುಗನನ್ನೋ ಕಟಕಟೆಯಲ್ಲಿ ನಿಲ್ಲಿಸಬೇಡಿ.